40 ಕಿಲೋವ್ಯಾಟ್ ಗ್ಯಾಸಿಫೈಯರ್ ಬೇಳೆ ಗಿರಣಿಗೆ ಗಿಟ್ಟುತ್ತದೆಯೇ? ತೊಗರಿ ಕಟ್ಟಿಗೆ ಊರ ತುಂಬ ಇದೆ

ತಾಳಿಕೋಟಿ_ಗಿರಣಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ತಾಳಿಕೋಟಿ ಹತ್ತಿರ ನಮ್ಮದೊಂದು ಸಣ್ಣ ಬೇಳೆ ಗಿರಣಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಎಲ್ಲ ಮೋಟರ್ ಸೇರಿ 50 ಎಚ್‌ಪಿ. ಜನವರಿಯಿಂದ ಮೇ ತನಕ ಕೆಲಸ ಜೋರು. ಆಗ ದಿನಕ್ಕೆ 30 ಕ್ವಿಂಟಲ್ ತೊಗರಿ ಒಡೆಯುತ್ತೇವೆ, 200 ಯೂನಿಟ್ ಹತ್ತಿರ ಕರೆಂಟ್ ಹೋಗುತ್ತದೆ. ಮಳೆ ಹಿಡಿದರೆ ಅಂಗಳದಲ್ಲಿ ತೊಗರಿ ಒಣಗುವುದಿಲ್ಲ. ಹಾಗಾಗಿ ಜೂನ್ ನಂತರ ವಾರಕ್ಕೆ ಒಂದೆರಡು ದಿನ ಗಿರಣಿ ತಿರುಗಿದರೆ ಹೆಚ್ಚು. ವರ್ಷದ ಲೆಕ್ಕ 33,000 ಯೂನಿಟ್.

ಹೆಸ್ಕಾಂ ಬಿಲ್ಲು ಫಿಕ್ಸೆಡ್ ಚಾರ್ಜ್ ಎಲ್ಲ ಹಿಡಿದು ಯೂನಿಟ್ಟಿಗೆ 9 ರೂಪಾಯಿ ಬೀಳುತ್ತಿದೆ. ಕರೆಂಟ್ ಹೋದರೆ ಡೀಸೆಲ್ ಜನರೇಟರ್. ಅದರಲ್ಲಿ ಲೀಟರಿಗೆ ಮೂರು, ಮೂರೂಕಾಲು ಯೂನಿಟ್ ಬರುತ್ತದೆ. ಅಂದರೆ ಯೂನಿಟ್ಟಿಗೆ 27 ರೂಪಾಯಿ ಮೇಲೆ.

ಇನ್ನೊಂದು ಕಡೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಡೋಣಿ ದಂಡೆಯ ಎರೆ ಹೊಲಗಳಲ್ಲಿ ತೊಗರಿ ಕಟ್ಟಿಗೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಮೊದಲು ಒಲೆಗೆ ಬೇಕಾಗುತ್ತಿತ್ತು, ಮನೆ ಹಿಂದೆ ಬಣವೆ ಒಟ್ಟುತ್ತಿದ್ದರು. ಸಿಲಿಂಡರ್ ಬಂದ ಮೇಲೆ ಕೇಳುವವರಿಲ್ಲ. ರಾತ್ರಿ ಆ ಬೆಂಕಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಷ್ಟು ಉರುವಲು ಸುಮ್ನೆ ಹೋಗುತ್ತಿದೆಯಲ್ಲ ಎಂದು.

ಹೋದ ತಿಂಗಳು ಒಬ್ಬ ಮಾರಾಟಗಾರರು ಬಂದಿದ್ದರು. 40 ಕಿಲೋವ್ಯಾಟ್ ಗ್ಯಾಸಿಫೈಯರ್ (ಕಟ್ಟಿಗೆಯನ್ನು ಕಡಿಮೆ ಗಾಳಿಯಲ್ಲಿ ಸುಟ್ಟು ಉರಿಯುವ ಗ್ಯಾಸ್ ಮಾಡುವ ಮೆಷಿನ್), ಆ ಗ್ಯಾಸಿನಿಂದ ಓಡುವ ಎಂಜಿನ್ ಸೇರಿ 34 ಲಕ್ಷ ಎಂದರು. ಶೆಡ್ಡಿಗೆ ಇನ್ನೊಂದು 4 ಲಕ್ಷ. ಯೂನಿಟ್ಟಿಗೆ 1.2 ಕೆಜಿ ಕಟ್ಟಿಗೆ ಸಾಕು, ಕೆಜಿಗೆ ಒಂದೂವರೆ ರೂಪಾಯಿ ಹಿಡಿದರೆ 1 ರೂಪಾಯಿ 80 ಪೈಸೆಗೆ ಒಂದು ಯೂನಿಟ್ ಎಂದು ಹಾಳೆಯ ಮೇಲೆ ಬರೆದು ತೋರಿಸಿದರು. ಲೆಕ್ಕ ಸರಿಯಾಗೇ ಕಾಣುತ್ತದೆ. ಆದರೂ ಕೈ ಹಾಕಲು ಧೈರ್ಯ ಬರುತ್ತಿಲ್ಲ. ನಮ್ಮ ಕಡೆ ಇಂಥದ್ದನ್ನು ಓಡಿಸಿದವರು ಯಾರಾದರೂ ಇದ್ದೀರಾ?

ಘಟಪ್ರಭಾ_ಗಾಣ:

ಓಡಿಸಿದ್ದೇನೆ. ನಿಮ್ಮ ಪ್ರಶ್ನೆ ಓದಿ ಮಲಗಲು ಆಗಲಿಲ್ಲ, ಅದಕ್ಕೆ ಉದ್ದವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಹಾಲಿಂಗಪುರದ ಹತ್ತಿರ ಬೆಲ್ಲದ ಗಾಣ. 2012ರಲ್ಲಿ 20 ಕಿಲೋವ್ಯಾಟ್ ಗ್ಯಾಸಿಫೈಯರ್ ತಂದೆ. ಕಬ್ಬು ಅರೆಯುವ ಮೋಟರ್, ಪಕ್ಕದಲ್ಲಿ ತಮ್ಮನ ಹಿಟ್ಟಿನ ಗಿರಣಿ, ಎರಡಕ್ಕೂ ಅದೇ ಕರೆಂಟ್. ಮೂರು ಹಂಗಾಮು ಓಡಿಸಿದೆ. ಮೆಷಿನ್ ಕೆಟ್ಟದ್ದಲ್ಲ. ಚೆನ್ನಾಗಿ ಓಡಿದ ದಿನ ಆ ಎಂಜಿನ್ ಸದ್ದು ಕೇಳುತ್ತಾ ನಿಂತರೆ ಎದೆ ತುಂಬಿ ಬರುತ್ತಿತ್ತು. ಕಟ್ಟಿಗೆಯಿಂದ ಬಲ್ಬ್ ಉರಿಯುವುದು ಅಂದರೆ ಸಣ್ಣ ಮಾತಾ?

ಮೊದಲು ಉರುವಲಿನ ಮಾತು. ಕಬ್ಬಿನ ರವದಿ (ಒಣ ಗರಿ) ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನೇ ಹಾಕೋಣ ಅಂದುಕೊಂಡಿದ್ದೆ. ಅದು ಆಗಲಿಲ್ಲ. ರವದಿ ಹಗುರ, ರಿಯಾಕ್ಟರ್ (ಕಟ್ಟಿಗೆ ಗ್ಯಾಸ್ ಆಗುವ ಕುಲುಮೆ) ಒಳಗೆ ಕೆಳಗಿಳಿಯದೆ ಸೇತುವೆ ಕಟ್ಟಿದ ಹಾಗೆ ನಿಂತುಬಿಡುತ್ತದೆ. ಇಳಿದರೂ ಬೂದಿ ಕರಗಿ ಜಾಲರಿಗೆ ಗಟ್ಟಿ ಕಲ್ಲಿನ ಹಾಗೆ ಅಂಟುತ್ತದೆ. ಸಲಾಕೆಯಿಂದ ಒಡೆದು ತೆಗೆಯಬೇಕು. ಕೊನೆಗೆ ಬಳ್ಳಾರಿ ಜಾಲಿ, ಹತ್ತಿ ಕಟ್ಟಿಗೆ ಕೊಂಡು ತಂದೆ. ನಿಮ್ಮ ತೊಗರಿ ಕಟ್ಟಿಗೆ ಈ ವಿಷಯದಲ್ಲಿ ಒಳ್ಳೆಯದು, ಬೂದಿ ಕಡಿಮೆ, ಶಾಖ ಚೆನ್ನಾಗಿದೆ. ಆದರೆ ಬೆರಳುದ್ದ ಕತ್ತರಿಸಿದ ಒಣ ತುಂಡೇ ಆಗಬೇಕು. ತೇವ ನೂರಕ್ಕೆ 15ರ ಆಚೆ ಹೋದರೆ ಗ್ಯಾಸ್ ಸಪ್ಪೆ ಆಗುತ್ತದೆ, ಟಾರ್ (ಡಾಂಬರಿನಂಥ ಅಂಟು) ಜಾಸ್ತಿ ಬರುತ್ತದೆ. ಪುಡಿ ಹಾಕುವಂತಿಲ್ಲ, ಗಾಳಿಗೆ ದಾರಿ ಇರುವುದಿಲ್ಲ. ನಿಮ್ಮ ಕಡೆ ರಾಶಿ ಮಷಿನ್‌ಗೆ ಗಿಡವನ್ನೇ ಕೊಡುತ್ತಾರಾ? ಹಾಗಿದ್ದರೆ ಅರ್ಧ ಕಟ್ಟಿಗೆ ಹೊಟ್ಟಾಗಿ ಹೋಗಿರುತ್ತದೆ. ಇದನ್ನು ಮೊದಲು ನೋಡಿ.

ಕಾಗದದ ಮೇಲೆ 1.2 ಕೆಜಿ ಸುಳ್ಳಲ್ಲ. ಚೆನ್ನಾಗಿ ಒಣಗಿದ ಗಟ್ಟಿ ಕಟ್ಟಿಗೆಗೆ, ಪೂರ್ತಿ ಲೋಡಿನಲ್ಲಿ, ಅಷ್ಟು ಬರುತ್ತದೆ. ನಿಮ್ಮ ಗಿರಣಿಯಲ್ಲಿ ಎಲ್ಲ ಮೋಟರ್ ಒಟ್ಟಿಗೆ ಯಾವಾಗ ಓಡುತ್ತವೆ? ಅರ್ಧ ಲೋಡಿನಲ್ಲಿ ಒಂದೂವರೆ ಕೆಜಿ ಹಿಡಿಯಿರಿ. ಕತ್ತರಿಸುವಾಗ ಪುಡಿ ಆಗಿ ಹೋಗುವುದು, ಕೊಳೆಯುವುದು, ಗೆದ್ದಲು ತಿನ್ನುವುದು ಎಲ್ಲ ಸೇರಿ ನೀವು ಕೊಳ್ಳಬೇಕಾದದ್ದು 1.8 ಕೆಜಿ. ನಿಮ್ಮ 33,000 ಯೂನಿಟ್ಟಿಗೆ ಹತ್ತಿರ ಹತ್ತಿರ 60 ಟನ್. ಎಕರೆಗೆ ಮುಕ್ಕಾಲು ಟನ್ ಕಟ್ಟಿಗೆ ಸಿಕ್ಕಿತು ಅನ್ನಿ, 80 ಎಕರೆ ತೊಗರಿ ಬೇಕು. ಟ್ರಾಲಿ ತುಂಬಿ ತುಳುಕಿದರೂ 10 ಕ್ವಿಂಟಲ್ ದಾಟುವುದಿಲ್ಲ, ಅಷ್ಟು ಪೊಳ್ಳು ಅದು. ಅಂದರೆ 60 ಟ್ರಾಲಿ. ಅದೂ ರಾಶಿ ಮುಗಿದ ಮೇಲೆ, ಬೆಂಕಿ ಇಡುವ ಮುಂಚೆ, ಒಂದೂವರೆ ತಿಂಗಳ ಒಳಗೆ. ಆಮೇಲೆ ಅದನ್ನು ಮಳೆಗೆ ಸಿಗದಂತೆ ಮುಚ್ಚಿಡಲು ಜಾಗ. ಅವರು ಹೇಳಿದ 4 ಲಕ್ಷದ ಶೆಡ್ ಮೆಷಿನ್ನಿಗೆ. ಕಟ್ಟಿಗೆಗೆ ಶೆಡ್ ಎಲ್ಲಿ?

ಹೊಲದಲ್ಲಿ ಕಟ್ಟಿಗೆ ಪುಕ್ಕಟೆ. ಗ್ಯಾಸಿಫೈಯರ್ ಬಾಯಿಗೆ ಬರುವಾಗ ಪುಕ್ಕಟೆ ಇರುವುದಿಲ್ಲ. ನಮ್ಮ ಕಡೆಯ ಇವತ್ತಿನ ಕೂಲಿ ಹಿಡಿದರೆ ಕೂಡಿಸಲು ಕೆಜಿಗೆ 1 ರೂಪಾಯಿ 20 ಪೈಸೆ, ಸಾಗಿಸಲು 80 ಪೈಸೆ, ಕತ್ತರಿಸಲು 70. ಒಟ್ಟು 2 ರೂಪಾಯಿ 70 ಪೈಸೆ. ಅದನ್ನು 1.8ರಿಂದ ಗುಣಿಸಿ. ಹತ್ತಿರ ಹತ್ತಿರ 4 ರೂಪಾಯಿ 90 ಪೈಸೆ. ಬ್ಲೋವರ್, ನೀರಿನ ಪಂಪು ನೂರಕ್ಕೆ ಹತ್ತರಷ್ಟು ಕರೆಂಟ್ ತಾವೇ ತಿನ್ನುತ್ತವೆ. 5 ರೂಪಾಯಿ 40 ಪೈಸೆ ಆಯಿತು. ಇದು ಬರೀ ಕಟ್ಟಿಗೆ.

ಆಮೇಲೆ ಆಳು. ಒಬ್ಬ ಕಟ್ಟಿಗೆ ಹಾಕಲು, ಒಬ್ಬ ಎಂಜಿನ್ ನೋಡಲು. ಇಬ್ಬರಿಗೆ ದಿನಕ್ಕೆ ಸಾವಿರ ರೂಪಾಯಿ ಪಗಾರ ಕೊಟ್ಟರೆ, 200 ಯೂನಿಟ್ಟಿಗೆ ಹಂಚಿದರೆ ಯೂನಿಟ್ಟಿಗೆ 5 ರೂಪಾಯಿ. ನೋಡಿದಿರಾ? ಇಲ್ಲೇ ಹೆಸ್ಕಾಂ ಬಿಲ್ ದಾಟಿಬಿಟ್ಟಿರಿ. 20 ಕಿಲೋವ್ಯಾಟ್ ಇರಲಿ, 200 ಕಿಲೋವ್ಯಾಟ್ ಇರಲಿ, ಬೇಕಾಗುವುದು ಅದೇ ಇಬ್ಬರು. ಸಣ್ಣ ಪ್ಲಾಂಟ್ ಸೋಲುವುದು ಈ ಜಾಗದಲ್ಲಿ. ನಾನು ಬೆಲೆ ಬಗ್ಗೆ ವಾರಗಟ್ಟಲೆ ಜಗ್ಗಾಡಿ ಒಂದೂವರೆ ಲಕ್ಷ ಇಳಿಸಿದ್ದೆ, ಪಗಾರದ ಲೆಕ್ಕ ಮಾತ್ರ ಬರೆದೇ ಇರಲಿಲ್ಲ.

ಆಳು ಅಂದೆನಲ್ಲ, ಅದು ಬರೀ ರೊಕ್ಕದ ಮಾತೂ ಅಲ್ಲ. ನಮ್ಮ ಹುಡುಗ ಒಬ್ಬ ಆ ಮೆಷಿನ್ ಮನಸ್ಸು ತಿಳಿದುಕೊಂಡಿದ್ದ. ಬೆಂಕಿಯ ಬಣ್ಣ ನೋಡಿ ಟಾರ್ ಬರುತ್ತಿದೆ ಎಂದು ಹೇಳುತ್ತಿದ್ದ. ಎರಡನೇ ವರ್ಷ ಅವನಿಗೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸ ಸಿಕ್ಕಿತು. ಹೋದ. ಹೋಗಬೇಕಾದ್ದೇ, ಅಲ್ಲಿ ಪಿಎಫ್ ಇದೆ. ಅವನು ಹೋದ ಒಂದು ತಿಂಗಳಲ್ಲಿ ಎಂಜಿನ್ನಿನ ವಾಲ್ವ್ ಎರಡು ಸಲ ಅಂಟಿ ನಿಂತಿತು. ಬಿಚ್ಚಿ ನೋಡಿದರೆ ಡಾಂಬರು ಸವರಿದ ಹಾಗಿತ್ತು. ಫಿಲ್ಟರ್ ಬದಲಿಸಲು ಹೊಸ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೆಷಿನ್ ಮಾರಿದವರು ಮೊದಲ ವರ್ಷ ಕರೆದಾಗ ಬಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಇನ್ನು ಬಂಡವಾಳ. 38 ಲಕ್ಷ, ಹತ್ತು ವರ್ಷ, ನೂರಕ್ಕೆ 10 ಬಡ್ಡಿ. ವರ್ಷದ ಕಂತು 6 ಲಕ್ಷ 20 ಸಾವಿರ ಹತ್ತಿರ. 33,000 ಯೂನಿಟ್ಟಿಗೆ ಹಂಚಿ. 18 ರೂಪಾಯಿ ಮೇಲೆ. ಆಯಿಲ್, ಫಿಲ್ಟರ್, ರಿಪೇರಿ ಒಂದು ರೂಪಾಯಿ ಹಿಡಿದರೆ ನಿಮಗೆ ಯೂನಿಟ್ಟಿಗೆ 30 ರೂಪಾಯಿ ಬೀಳುತ್ತದೆ. ನಿಮ್ಮ ಡೀಸೆಲ್‌ಗಿಂತ ದುಬಾರಿ.

ಕರೆಂಟ್ ಹೋದಾಗ ಮಾತ್ರ ಓಡಿಸುತ್ತೇನೆ ಅನ್ನುವ ಆಸೆಯೂ ಬೇಡ. ತಣ್ಣಗಿದ್ದ ರಿಯಾಕ್ಟರ್ ಹೊತ್ತಿಸಿ ಒಳ್ಳೆಯ ಗ್ಯಾಸ್ ಬರಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಕರೆಂಟ್ ವಾಪಸ್ ಬಂದಿರುತ್ತದೆ.

ಎರಡು ವಿಷಯ ಮಾರಾಟದ ಹಾಳೆಯಲ್ಲಿ ಇರುವುದೇ ಇಲ್ಲ. ಎಂಜಿನ್ನಿಗೆ ಬಿಡುವ ಮುಂಚೆ ಗ್ಯಾಸ್ ತೊಳೆದ ನೀರು ಕಪ್ಪಗೆ, ನಾರುತ್ತದೆ. ನಾನು ತಿಳಿಯದೆ ಬೇಲಿ ಪಕ್ಕ ಬಿಟ್ಟೆ. ಅವ್ವ ಹಚ್ಚಿದ ಕರಿಬೇವಿನ ಗಿಡ ಒಣಗಿಹೋಯಿತು. ಎರಡನೆಯದು ಆ ಗ್ಯಾಸ್‌ನಲ್ಲಿ ಐದರಲ್ಲಿ ಒಂದು ಪಾಲು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಒಂದು ಚಳಿಯ ಬೆಳಗ್ಗೆ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದ ಆಳು ತಲೆ ತಿರುಗಿ ಬಿದ್ದ. ಹೊರಗೆ ಎಳೆದು ಹಾಕಿದೆವು, ಉಳಿದ. ಆ ದಿನ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಏನೇ ಹಾಕಿ, ಗೋಡೆ ಕಟ್ಟಬೇಡಿ. ನಾಲ್ಕೂ ಕಡೆ ತೆರೆದಿರಲಿ.

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ. ಎಂಜಿನ್ ಮಾರಿದೆ, ರಿಯಾಕ್ಟರ್ ಇಟ್ಟುಕೊಂಡೆ. ಅದರ ಗ್ಯಾಸನ್ನು ಬಿಸಿ ಬಿಸಿಯಾಗೇ ಬರ್ನರಿಗೆ ಬಿಟ್ಟು ಗೋವಿನಜೋಳ ಒಣಗಿಸುತ್ತೇನೆ. ಅಕ್ಟೋಬರಿನಲ್ಲಿ ಮಳೆ ಬಿದ್ದಾಗ ಸುತ್ತಲಿನ ಊರವರು ಟ್ರ್ಯಾಕ್ಟರ್ ಸಾಲು ಹಚ್ಚಿ ನಿಲ್ಲುತ್ತಾರೆ. ಗ್ಯಾಸ್ ತೊಳೆಯುವ ಕೆಲಸ ಇಲ್ಲ, ಕಪ್ಪು ನೀರಿಲ್ಲ, ಟಾರ್ ಕೂಡ ಉರಿದು ಶಾಖ ಆಗುತ್ತದೆ.

ಲೆಕ್ಕ ನೋಡಿ. ಒಂದು ಕೆಜಿ ತೊಗರಿ ಕಟ್ಟಿಗೆಯಲ್ಲಿ 3,500 ಕಿಲೋಕ್ಯಾಲರಿ ಆಸುಪಾಸು ಶಾಖ ಇದೆ. ಎಂಜಿನ್ ದಾಟಿಸಿದರೆ ಮುಕ್ಕಾಲು ಯೂನಿಟ್ ಕರೆಂಟ್, 6-7 ರೂಪಾಯಿಯ ಮಾಲು. ಒಳ್ಳೆಯ ಬರ್ನರಿನಲ್ಲಿ ಸುಟ್ಟರೆ ಮೂರನೇ ಎರಡು ಪಾಲು ಶಾಖ ಕೈಗೆ ಸಿಗುತ್ತದೆ. ಹಾಗೆ ಸುಟ್ಟ ಮೂರು ಕೆಜಿ ಕಟ್ಟಿಗೆ ಒಂದು ಲೀಟರ್ ಡೀಸೆಲ್ ಬರ್ನರಿಗೆ ಸಮ. ಅಂದರೆ ಅದೇ ಕೆಜಿ ಕಟ್ಟಿಗೆಗೆ 30 ರೂಪಾಯಿ ಬೆಲೆ ಬಂತು.

ನೀವೇ ಬರೆದಿದ್ದೀರಿ, ಮಳೆಗಾಲದಲ್ಲಿ ತೊಗರಿ ಒಣಗದೆ ಗಿರಣಿ ನಿಲ್ಲುತ್ತದೆ ಎಂದು. ನಿಮಗೆ ಕೊರತೆ ಇರುವುದು ಕರೆಂಟಿನದ್ದಲ್ಲ, ಬಿಸಿಲಿನದ್ದು. ಕಟ್ಟಿಗೆ ಅದನ್ನು ಕೊಡುತ್ತದೆ. ಸಿಪ್ಪೆ ಬಿಡಲೆಂದು ಎಣ್ಣೆ-ನೀರು ಕೊಟ್ಟ ತೊಗರಿಯ ತೇವ ನೂರಕ್ಕೆ 16ರಿಂದ 10ಕ್ಕೆ ಇಳಿಸಲು ಕ್ವಿಂಟಲಿಗೆ 7 ಕೆಜಿ ನೀರು ಹಾರಿಸಬೇಕು. ಅದಕ್ಕೆ 5-6 ಕೆಜಿ ಕಟ್ಟಿಗೆ ಸಾಕು. ದಿನಕ್ಕೆ 30 ಕ್ವಿಂಟಲ್ ಅಂದರೂ ಎರಡು ಕ್ವಿಂಟಲ್ ಒಳಗೆ ಮುಗಿಯುತ್ತದೆ. ಕರೆಂಟ್ ತೆಗೆಯಲು ಹೋದರೆ ದಿನಕ್ಕೆ ಮೂರೂವರೆ ಕ್ವಿಂಟಲ್ ಮೇಲೆ ಬೇಕಿತ್ತು. ಇನ್ನೊಂದು ಮೂರು ತಿಂಗಳು ಗಿರಣಿ ಜಾಸ್ತಿ ಓಡಿದರೆ ನಿಮ್ಮ ಫಿಕ್ಸೆಡ್ ಚಾರ್ಜ್ ತಾನೇ ಹಗುರ ಆಗುತ್ತದೆ. ನನಗೆ ಬರ್ನರ್, ಫ್ಯಾನ್, ಒಣಗಿಸುವ ಕೋಣೆ ಎಲ್ಲ ಸೇರಿ ಮೂರು ಲಕ್ಷ ಚಿಲ್ಲರೆ ಆಯಿತು. ರಿಯಾಕ್ಟರ್ ಇರಲೇಬೇಕು ಅಂತಲೂ ಇಲ್ಲ, ಒಳ್ಳೆಯ ಕಟ್ಟಿಗೆ ಒಲೆಯೂ ನಡೆಯುತ್ತದೆ. ಒಂದೇ ಎಚ್ಚರ, ಹೊಗೆ ಬೇಳೆಗೆ ತಾಗಬಾರದು. ಬೆಂಕಿ ಕೊಳವೆಯ ಒಳಗೆ, ಗಾಳಿ ಕೊಳವೆಯ ಹೊರಗೆ.

ನವನಗರ_ಮೆಕ್ಯಾನಿಕಲ್:

ಮೇಲಿನವರ ಅಂಕಿಗಳನ್ನು ಪೆನ್ನು ಹಿಡಿದು ನೋಡಿದೆ, ಸರಿ ಇವೆ. ನಾನು ಬಾಗಲಕೋಟೆಯಲ್ಲಿ ಪಾಠ ಮಾಡುತ್ತೇನೆ. ಒಂದೆರಡು ಮಾತು ಸೇರಿಸುತ್ತೇನೆ.

ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಬೆಂಗಳೂರಿನ ಐಐಎಸ್ಸಿಯ 'ಅಸ್ತ್ರ' ತಂಡ 1988ರಲ್ಲೇ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 3.7 ಕಿಲೋವ್ಯಾಟ್ ಗ್ಯಾಸಿಫೈಯರ್ ಓಡಿಸಿತು. ಮನೆಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ. ಮುಂದೆ ಅದು 20 ಕಿಲೋವ್ಯಾಟ್ ಆಯಿತು. ಊರ ಪಕ್ಕದಲ್ಲೇ ಉರುವಲಿಗೆ ಮರ ಬೆಳೆಸಿದ್ದರು. ಆಗ ಅಲ್ಲಿ ಕಟ್ಟಿಗೆ ಕರೆಂಟಿನ ಎದುರಿಗೆ ಇದ್ದದ್ದು ಸೀಮೆಎಣ್ಣೆ ಬುಡ್ಡಿ. ನಿಮ್ಮ ಎದುರಿಗೆ ಇರುವುದು ಹೆಸ್ಕಾಂ ತಂತಿ. ಲೆಕ್ಕ ಬೇರೆಯಾಗುವುದು ಇದಕ್ಕೇ. ಇನ್ನೊಂದು ತುದಿಯಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿ ಇದೆ. 2001ರಲ್ಲಿ ರವದಿಯಂಥ ಹಗುರ ಉರುವಲನ್ನೇ ನಂಬಿ ಕಟ್ಟಿದ 4.5 ಮೆಗಾವ್ಯಾಟ್ ಪ್ಲಾಂಟ್ ಅದು. ಆದರೆ ಅದು ಬಾಯ್ಲರ್, ಟರ್ಬೈನ್ ಇರುವ ದೊಡ್ಡ ಸಂಸಾರ. ಇನ್ನು ನಮ್ಮ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕರೆಂಟ್ ಗಿಟ್ಟುವುದು ಯಾಕೆ? ಉರುವಲು ಕಬ್ಬಿನ ಜೊತೆಗೇ ಗೇಟಿನ ಒಳಗೆ ಬರುತ್ತದೆ. ಟನ್ ಕಬ್ಬಿಗೆ 300 ಕೆಜಿ ಹತ್ತಿರ ಸಿಪ್ಪೆ. ಜೊತೆಗೆ ಕರೆಂಟ್ ತೆಗೆದು ಉಳಿದ ಹಬೆಯಿಂದ ಅವರು ಸಕ್ಕರೆ ಬೇಯಿಸುತ್ತಾರೆ, ಶಾಖ ಚೆಲ್ಲುವುದಿಲ್ಲ.

ಕರೆಂಟ್ ಖರ್ಚೇ ಇಳಿಸಬೇಕು ಅಂದರೆ ಗಿರಣಿಯ ಪತ್ರಾಸಿನ ಮೇಲೆ ಸೋಲಾರ್ ನೋಡಿ. 30 ಕಿಲೋವ್ಯಾಟ್ ಹಾಕಿದರೆ ವಿಜಯಪುರದ ಬಿಸಿಲಿಗೆ ವರ್ಷಕ್ಕೆ 40,000 ಯೂನಿಟ್ ಮೇಲೆ ಬರುತ್ತದೆ. ಕಿಲೋವ್ಯಾಟ್‌ಗೆ 50 ಸಾವಿರ ಹಿಡಿದರೂ 15 ಲಕ್ಷ. ನಿಮ್ಮ ಹಂಗಾಮು ಜನವರಿಯಿಂದ ಮೇ, ಬಿಸಿಲೂ ಆಗಲೇ ಜೋರು. ಎರಡೂ ಚೆನ್ನಾಗಿ ಕೂಡುತ್ತವೆ.

ಅಥಣಿ_ಎಮ್ಮೆ:

ಒಂದು ಸಣ್ಣ ತಕರಾರು ಇದೆ. ಸಣ್ಣದಾಗಿ ಕರೆಂಟ್ ಮಾಡಿದರೆ ಗಿಟ್ಟುವುದೇ ಇಲ್ಲ ಅಂತ ಯಾರೂ ತಿಳಿಯಬಾರದು.

ನಮ್ಮ ಕೊಟ್ಟಿಗೆಯಲ್ಲಿ 60 ಎಮ್ಮೆ ಇವೆ. ದಿನಕ್ಕೆ 700 ಕೆಜಿ ಸಗಣಿ ಕೈಗೆ ಸಿಗುತ್ತದೆ. 25 ಕೆಜಿಗೆ ಒಂದು ಘನ ಮೀಟರ್ ಗೋಬರ್ ಗ್ಯಾಸ್, ಅದರಿಂದ ಒಂದೂವರೆ ಯೂನಿಟ್. ದಿನಕ್ಕೆ 40 ಯೂನಿಟ್. ಮೇವು ಕತ್ತರಿಸುವುದು, ಹಾಲು ಕರೆಯುವ ಮೆಷಿನ್, ಹಾಲು ತಣ್ಣಗೆ ಇಡುವುದು, ಮೂರೂ ಅದರಲ್ಲೇ. ವರ್ಷದ 365 ದಿನವೂ ಓಡುತ್ತದೆ, ಹಂಗಾಮು ಅಂತ ಇಲ್ಲ. ಉರುವಲು ಕೂಡಿಸಲು ಆಳು ಬೇಕಿಲ್ಲ, ಕೊಟ್ಟಿಗೆ ಹೇಗೂ ಬಳಿಯಲೇಬೇಕು. ಮೊದಲ ಎಂಜಿನ್ ಗಂಧಕದ ಗ್ಯಾಸಿಗೆ ಬೇಗ ಕೊರೆದು ಹೋಯಿತು. ಈಗ ಲೇತ್ ಅಂಗಡಿಯಿಂದ ಕಬ್ಬಿಣದ ಚೂರು ತಂದು ಪೈಪಿನ ದಾರಿಯಲ್ಲಿ ಡಬ್ಬಿ ತುಂಬಿ ಇಟ್ಟಿದ್ದೇನೆ. ತುಕ್ಕು ಹಿಡಿದ ಚೂರು ಆ ಗ್ಯಾಸನ್ನು ಹಿಡಿದುಕೊಳ್ಳುತ್ತದೆ. ಎರಡನೇ ಎಂಜಿನ್ ಐದನೇ ವರ್ಷ ನಡೆಯುತ್ತಿದೆ.

ಹಾಗಂತ ಬರೀ ಕರೆಂಟ್ ಲೆಕ್ಕ ಹಾಕಿದ್ದರೆ ನಾನೂ ಸೋಲುತ್ತಿದ್ದೆ. ಗ್ಯಾಸ್ ತೆಗೆದ ಮೇಲೆ ಹೊರಬರುವ ಸ್ಲರಿ (ಸಗಣಿ ರಾಡಿ) ನಮ್ಮ ಕಬ್ಬಿಗೆ ಹೋಗುತ್ತದೆ. ಗೊಬ್ಬರದ ಚೀಲ ಅರ್ಧಕ್ಕೆ ಇಳಿದಿದೆ. ಸಾಲ ತೀರಿಸಿದ್ದು ಅದೇ.

ತಾಳಿಕೋಟಿ_ಗಿರಣಿ:

ಏನು ಹೇಳಲಿ. ಮೂವರಿಗೂ ಕೈ ಮುಗಿಯುತ್ತೇನೆ. ಗಾಣದ ಅಣ್ಣನವರ ಉತ್ತರ ಓದಿ ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಆಳು ತಲೆ ತಿರುಗಿ ಬಿದ್ದ ಜಾಗ ಬಂದಾಗ ಅಪ್ಪ "ಸಾಕು, ಇದು ಬೇಡ" ಎಂದರು.

ಇವತ್ತು ಬೆಳಗ್ಗೆ ಹೊಲಗಳ ಕಡೆ ಸುತ್ತಿ ಬಂದೆ. ನೀವು ಹೇಳಿದ್ದು ನಿಜ. ನಮ್ಮ ಓಣಿಯ ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಗಿಡ ಸಮೇತ ರಾಶಿ ಮಷಿನ್‌ಗೆ ಕೊಡುತ್ತಾರೆ. ಕೋಲಿನಿಂದ ಬಡಿದು ರಾಶಿ ಮಾಡುವವರು ನಾಲ್ಕೇ ಮಂದಿ. ಅವರ ಕಟ್ಟಿಗೆ ಮಾತ್ರ ಉದ್ದ ಉಳಿಯುತ್ತದೆ. ಅವರದ್ದೆಲ್ಲ ಸೇರಿ 30 ಎಕರೆ ಆಗಬಹುದು. 22 ಟನ್ ಸಿಕ್ಕೀತು. ಕರೆಂಟಿಗೆ ಏನೂ ಸಾಲದು. ಒಣಗಿಸುವ ಕೋಣೆಗಾದರೆ ದಿನಕ್ಕೆ ಎರಡು ಕ್ವಿಂಟಲಿನಂತೆ ನೂರು ದಿನಕ್ಕೆ 20 ಟನ್, ಸರಿಹೋಗುತ್ತದೆ. ನಾಲ್ವರಿಗೂ ಹೇಳಿ ಬಂದಿದ್ದೇನೆ, ಈ ಸಲ ಬೆಂಕಿ ಇಡಬೇಡಿ, ಟ್ರಾಲಿಗೆ ಇಷ್ಟು ಅಂತ ಕೊಡುತ್ತೇನೆ ಎಂದು. ಒಬ್ಬರು ರೊಕ್ಕವೇ ಬೇಡ, ಹೊಲ ಖಾಲಿ ಮಾಡಿಕೊಟ್ಟರೆ ಸಾಕು ಅಂದರು.

ಒಂದು ಪ್ರಶ್ನೆ ಉಳಿದಿದೆ. ರಾಶಿ ಮಷಿನ್‌ನಿಂದ ಬಂದ ಪುಡಿ ಕಟ್ಟಿಗೆಯನ್ನು ಒಲೆಗೆ ಹಾಕಬಹುದಾ? ಮತ್ತೆ ನಿಮ್ಮ ಕೋಣೆ ಒಂದು ಸಲ ಕಣ್ಣಾರೆ ನೋಡಬೇಕು. ಮುಂದಿನ ಭಾನುವಾರ ಬಂದರೆ ನಡೆಯುತ್ತದಾ?

ಘಟಪ್ರಭಾ_ಗಾಣ:

ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಒಲೆಗೆ ಪುಡಿ ನಡೆಯುತ್ತದೆ, ಒಂದೇ ಸಲ ಸುರಿಯಬಾರದು ಅಷ್ಟೇ. ಕೆಳಗಿನಿಂದ ಸಣ್ಣ ಫ್ಯಾನ್ ಗಾಳಿ ಕೊಟ್ಟು ಸ್ವಲ್ಪ ಸ್ವಲ್ಪ ಇಳಿಸಬೇಕು. ದನಕ್ಕೆ ಹಾಕುವ ಹೊಟ್ಟನ್ನು ಮಾತ್ರ ಮುಟ್ಟಬೇಡಿ, ಅದು ಅವುಗಳ ಪಾಲು.

ಭಾನುವಾರ ಬನ್ನಿ. ಬರುವಾಗ ನಿಮ್ಮ ಕಟ್ಟಿಗೆ ಒಂದು ಚೀಲ ತನ್ನಿ, ಉದ್ದದ್ದೂ ಇರಲಿ, ಪುಡಿಯೂ ಇರಲಿ. ಎಣ್ಣೆ ಹಚ್ಚಿದ ತೊಗರಿ ಅರ್ಧ ಚೀಲ ತಂದರೆ ಇನ್ನೂ ಒಳ್ಳೆಯದು. ಮಧ್ಯಾಹ್ನ ಊಟ ಮುಗಿಸುವಷ್ಟರಲ್ಲಿ ಎಷ್ಟು ಒಣಗುತ್ತದೆ ತೂಕ ಹಾಕಿ ನೋಡೋಣ.